ಹಣೆ ಕಾಣಬೇಕು

ದಿನಕ್ಕೆ ಹತ್ತಾರು ಹೆಂಗಸರ ಹಣೆಯಿಂದ ಬೊಟ್ಟು ತೆಗೆಯುವವಳು ನಾನು. ಸಿ.ವಿ. ರಾಮನ್ ನಗರದಲ್ಲಿ ನನ್ನದೊಂದು ಸಣ್ಣ ಬ್ಯೂಟಿ ಪಾರ್ಲರ್ ಇದೆ. ಹುಬ್ಬು ತಿದ್ದಿಸಿಕೊಳ್ಳಲು ಬಂದವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ ಕೂಡಲೇ ಸ್ಟಿಕ್ಕರ್ ಕಿತ್ತು ಕನ್ನಡಿಯ ಅಂಚಿಗೆ ಅಂಟಿಸುತ್ತೇನೆ. ಹೋಗುವಾಗ ನೆನಪಾದವರು ತೆಗೆದು ಇಟ್ಟುಕೊಳ್ಳುತ್ತಾರೆ, ಮರೆತವರದು ಅಲ್ಲೇ ಉಳಿಯುತ್ತದೆ. ತುಂಬಿಹೋದಾಗ ಬ್ಲೇಡಿನಿಂದ ಕೆರೆದು ಕಸಕ್ಕೆ ಹಾಕುತ್ತೇನೆ. ಮದುವೆ ಗಿದುವೆ ಬೇಡವೆಂದು ಕೂತವಳು, ಬೊಟ್ಟು ಕುಂಕುಮದ ಭಯಭಕ್ತಿ ನನ್ನ ಹತ್ತಿರ ಸುಳಿದದ್ದೇ ಇಲ್ಲ. ಅದಕ್ಕೇ ಅವತ್ತು ಶಿವಾಜಿನಗರದ ಸ್ಟುಡಿಯೋದಲ್ಲಿ ಅಕ್ಕ ಹಟ ಹಿಡಿದು ನಿಂತಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅಕ್ಕ ಇರುವುದು ಹಲಸೂರಿನಲ್ಲಿ, ಕೆರೆಯಿಂದ ಎರಡು ಬೀದಿ ಈಚೆಗೆ, ಮಹಡಿ ಮೇಲಿನ ಬಾಡಿಗೆ ಮನೆ. ಮಕ್ಕಳಿಲ್ಲ. ಭಾವ ಗಲ್ಫಿನ ಒಂದು ಊರಿನಲ್ಲಿ, ಕಟ್ಟಡ ಕಟ್ಟುವ ಕಂಪನಿಯೊಂದರ ಮೆಸ್ಸಿನಲ್ಲಿ ಅಡುಗೆಯವರಾಗಿದ್ದರು. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಅನ್ನದ ಪಾತ್ರೆ ಇಳಿಸುವಾಗ ಅಲ್ಲೇ ಕುಸಿದು ಬಿದ್ದರಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಆಪರೇಷನ್ ಮಾಡಿದರು, ಜೀವ ಉಳಿಯಿತು, ಆದರೆ ಎಚ್ಚರ ಬರುತ್ತಿತ್ತು, ಹೋಗುತ್ತಿತ್ತು. ಅವರ ರೂಮಿನಲ್ಲೇ ಇದ್ದ ಗದಗದ ಕಡೆಯ ಡ್ರೈವರೊಬ್ಬ ನಮಗೆ ಫೋನ್ ಮಾಡಿ ಎಲ್ಲ ಹೇಳುತ್ತಿದ್ದ. ಒಳ್ಳೆಯ ಮನುಷ್ಯ.

"ಮನೀ ಮಂದಿ ಒಬ್ಬರರ ಬಂದ್ರ ಚಲೋ ಆಕ್ಕೈತ್ರೀ. ಎಚ್ಚರಾದಾಗೆಲ್ಲ ಅಕ್ಕಾರನ್ನ ಕೇಳ್ತಾರ. ಡಾಕ್ಟರೂ ಅದನ್ನ ಅಂತಾರ, ತನ್ನವರ ಮುಖ ನೋಡಿದ್ರ ಉಳೀತಾರ ಅಂತ."

ಅಕ್ಕನಿಗೆ ಪಾಸ್‌ಪೋರ್ಟ್ ಇತ್ತು. ಒಂದು ಸಲ ಕರೆಸಿಕೊಂಡು ಸಮುದ್ರ ತೋರಿಸುತ್ತೇನೆ ಅಂತ ಭಾವನೇ ಮಾಡಿಸಿಟ್ಟಿದ್ದರು. ಈಗ ಬೇಕಾದದ್ದು ವೀಸಾ. ವೀಸಾಕ್ಕೆ ಫೋಟೋ.

ಸ್ಟುಡಿಯೋದವರು ವಯಸ್ಸಾದ ಸಾಹೇಬರು, ಶಿವಾಜಿನಗರದವರು. ಸ್ಟೂಲ್ ಮೇಲೆ ಕೂತ ಅಕ್ಕನನ್ನು ನೋಡಿದವರೇ ಕ್ಯಾಮೆರಾ ಕೆಳಗಿಟ್ಟರು.

"ಅಮ್ಮಾ, ಬಿಂದಿ ಚಲ್ತಾ ನೈ. ವೀಸಾ ಫೋಟೋ ಅಲ್ವಾ, ಹಣೆ ಪೂರಾ ಕಾಣ್ಬೇಕು. ಗಲ್ಫಿಗೆ ಹೋಗೋರ್ದು ಎಲ್ಲಾರ್ದೂ ಹಂಗೇ ತೆಗೀತೀವಿ. ಮೂಗುಬೊಟ್ಟು ತೆಗೀರಿ, ಲೈಟ್ ಹೊಡೀತದೆ. ಕರಿಮಣಿ ಒಳಗೆ ಹಾಕ್ಕೊಳ್ಳಿ."

ಅಕ್ಕ ಸ್ಟಿಕ್ಕರ್ ಹಚ್ಚುವವಳಲ್ಲ. ಮೇಣ ತೀಡಿ, ಅದರ ಮೇಲೆ ಕಾಸಗಲ ಕುಂಕುಮ ಇಡುವವಳು. ಅವಳು ಸಾಹೇಬರ ಮುಖವನ್ನೇ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅವರು ಆಸ್ಪತ್ರೇಲಿ ಮಲಗಿದಾರೆ ಕಣೇ. ಈಗ ನನ್ನ ಕೈಯಾರೆ ಅಳಿಸ್ಕೊಳ್ಲಾ?"

"ಅಯ್ಯೋ ನಿನ್ನ! ಒಂದು ನಿಮಿಷದ ಮಾತು. ಅಳಿಸು, ಫೋಟೋ ಹೊಡೆಸು, ಮತ್ತೆ ಇಟ್ಕೋ. ಮುಖ ತೊಳೆಯೋವಾಗ ಅಳಿಸಲ್ವಾ ನೀನು?"

"ಮುಖ ತೊಳೆದಾಗ ಯಾರೂ ಫೋಟೋ ಹಿಡಿಯಲ್ಲ."

ಹೊರಗೆ ಆಟೋದವನು ಹಾರ್ನ್ ಬಾರಿಸುತ್ತಿದ್ದ. ಅವಳು ಮಾತ್ರ ಸ್ಟೂಲಿನ ಮೇಲೆ ಬಂಡೆಯಂತೆ ಕೂತಿದ್ದಳು. ಕಡೆಗೆ ಸಾಹೇಬರೇ ಒಂದು ದಾರಿ ಹೇಳಿದರು. ಇದ್ದ ಹಾಗೇ ಹೊಡೆಯುತ್ತೇನೆ, ಕಂಪ್ಯೂಟರಿನಲ್ಲಿ ನಾನು ತೆಗೆದುಬಿಡುತ್ತೇನೆ, ನಿಮ್ಮ ಹಣೆಗೆ ಯಾರೂ ಕೈ ಹಚ್ಚುವುದಿಲ್ಲ ಎಂದರು. ನಾನೇ ಹೂಂ ಅಂದುಬಿಟ್ಟೆ.

ಆ ಕೆಲಸವನ್ನು ನಾವಿಬ್ಬರೂ ಅವರ ಬೆನ್ನ ಹಿಂದೆ ನಿಂತು ನೋಡಿದೆವು. ನೋಡಬಾರದಿತ್ತು. ಪರದೆಯ ತುಂಬ ಅಕ್ಕನ ಹಣೆ ದೊಡ್ಡದಾಯಿತು. ಸಾಹೇಬರು ಕೆನ್ನೆಯಿಂದ ಚೂರು ಚೂರೇ ಚರ್ಮ ಎತ್ತಿ ಕೆಂಪಿನ ಮೇಲೆ ಇಡುತ್ತಾ ಬಂದರು. ಕುಂಕುಮ ಅಂಚಿನಿಂದ ಕರಗಿತು, ಕಡಲೆಕಾಳಿನಷ್ಟಾಯಿತು, ಸಾಸಿವೆಯಷ್ಟಾಯಿತು, ಇಲ್ಲವಾಯಿತು. ವರ್ಷಗಟ್ಟಲೆ ಇಟ್ಟ ಜಾಗದಲ್ಲಿ ಚರ್ಮ ಬಣ್ಣಗೆಟ್ಟು ಒಂದು ಕಲೆ ಉಳಿಯುತ್ತದಲ್ಲ, ಅದೂ ಉಳಿಯಲಿಲ್ಲ. ಮೂಗುಬೊಟ್ಟೂ ಕರಿಮಣಿಯೂ ಹಾಗೇ ಮಾಯವಾದವು. ಅಳಿಸಿದ ಹಾಗೆ ಕಾಣಲೇ ಇಲ್ಲ. ಅಲ್ಲಿ ಯಾವತ್ತೂ ಏನೂ ಇರಲಿಲ್ಲ ಅನ್ನುವ ಹಾಗಿತ್ತು. ಅಕ್ಕ ಮೆಲ್ಲಗೆ ಕೈಯೆತ್ತಿ ತನ್ನ ಹಣೆ ಮುಟ್ಟಿ ನೋಡಿಕೊಂಡಳು. ಬೆರಳಿಗೆ ಕೆಂಪು ಹತ್ತಿತು.

ಹಾಳೆ ಪ್ರಿಂಟರಿನಿಂದ ಹೊರಗೆ ಬಂತು. ಒಂದೇ ಹಾಳೆಯಲ್ಲಿ ಸಾಲುಸಾಲಾಗಿ ಅದೇ ಮುಖ, ಬೋಳು ಹಣೆ, ಬರಿದಾದ ಕತ್ತು. ನಗಬಾರದು ಅಂತ ಹೇಳಿದ್ದರಿಂದ ಒಂದರಲ್ಲೂ ನಗೆ ಇರಲಿಲ್ಲ. ಅದು ಅಕ್ಕ ಆಗಿರಲಿಲ್ಲ. ಅಪ್ಪ ಹೋದ ಹನ್ನೊಂದನೇ ದಿನ, ಬಳೆ ಒಡೆಸಿಕೊಂಡು ಒಳಗಿನಿಂದ ಬಂದ ಅಮ್ಮ ಆಗಿದ್ದಳು. ಅಕ್ಕನಿಗೂ ಕಂಡಿರಬೇಕು, ಅವಳು ಹಾಳೆಯನ್ನು ಮುಟ್ಟಲೇ ಇಲ್ಲ.

ಬೇಕಾದದ್ದನ್ನು ಏಜೆಂಟರಿಗೆ ಕೊಟ್ಟು ಬಂದೆವು. ಉಳಿದ ಫೋಟೋಗಳನ್ನು ಮನೆಯೊಳಗೆ ತರಲು ಅಕ್ಕ ಒಪ್ಪಲಿಲ್ಲ. ಹರಿದು ಬಿಸಾಕೋಣವೆಂದರೆ ಅದಕ್ಕೂ ಒಪ್ಪಲಿಲ್ಲ. ನನ್ನ ಮುಖ ನಾನೇ ಹರೀಲಾ ಎಂದಳು. ಇದೊಳ್ಳೆ ಪಜೀತಿಯಾಯಿತಲ್ಲ ಅಂದುಕೊಂಡು, ಮೆಟ್ಟಿಲ ಕೆಳಗೆ ಕರೆಂಟ್ ಮೀಟರಿನ ಮರದ ಪೆಟ್ಟಿಗೆಯೊಳಗೆ ನಾನೇ ತುರುಕಿದೆ.

ಫ್ಯೂಸ್ ಹೋಗಿತ್ತೆಂದು ಕೆಳಗಿನ ಮನೆಯ ತಮಿಳು ಅಮ್ಮ ಆ ಪೆಟ್ಟಿಗೆ ತೆಗೆದದ್ದು ನಮಗೆ ಗೊತ್ತಾದದ್ದು, ಅವರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಾಗ.

"ಎಪ್ಪೋ ಆಚಮ್ಮಾ? ಯಾವಾಗ ಆಯ್ತು? ನಮಗೊಂದು ಮಾತು ಹೇಳ್ಬಾರ್ದಾ?"

ಅಕ್ಕ ಒಲೆಯ ಮುಂದೆ ಇದ್ದವಳು ತಿರುಗಿದಳು. ಹಣೆಯಲ್ಲಿ ಕುಂಕುಮ ಢಾಳಾಗಿತ್ತು. ಆಕೆ ಅದನ್ನು ನೋಡಿದರು, ಮುಖ ಪೆಚ್ಚಾಯಿತು. ಆದರೆ ನಂಬಿದ ಹಾಗೆ ಕಾಣಲಿಲ್ಲ. ಪಾಪ, ಇವಳಿಗೆ ಇನ್ನೂ ಹೇಳಿಲ್ಲ ಅನ್ನುವ ಹಾಗೆ ನನ್ನ ಕಡೆ ಕಣ್ಣಲ್ಲೇ ಕೇಳಿದರು. ನಾನು ಅವರನ್ನು ಕೆಳಗೆ ಕರೆದುಕೊಂಡು ಹೋಗಿ, ವೀಸಾ, ಸ್ಟುಡಿಯೋ, ಸಾಹೇಬರು, ಕಂಪ್ಯೂಟರು ಎಂದು ಗಂಟಲು ಒಣಗುವವರೆಗೆ ಹೇಳಿದೆ. ತಲೆ ಆಡಿಸಿದರು. ಆದರೆ ಆಡಿದ ಮಾತು, ಒಡೆದ ಮುತ್ತು. ಅಷ್ಟರಲ್ಲಿ ಬೀದಿಯಲ್ಲಿ ಯಾರು ಯಾರಿಗೆ ಹೇಳಿದ್ದರೋ.

ಮಾರನೆಯ ಬೆಳಿಗ್ಗೆ ಹೂವಿನವಳು ಕೂಗಲಿಲ್ಲ. ಎಷ್ಟೋ ವರ್ಷದಿಂದ ಮೆಟ್ಟಿಲ ಕೆಳಗೆ ನಿಂತು "ಅಕ್ಕಾ, ಹೂವಾ" ಎಂದು ಕೂಗಿ, ಅಕ್ಕ ಇಳಿಬಿಟ್ಟ ಬುಟ್ಟಿಗೆ ಒಂದು ಮೊಳ ಹಾಕಿ ಹೋಗುವವಳು. ಅಕ್ಕನ ಜೊತೆಗೇ ಉಳಿದಿದ್ದ ನಾನು ಅವತ್ತು ಕಿಟಕಿಯಲ್ಲಿದ್ದೆ. ಪಕ್ಕದ ಮನೆಗೆ ಕೊಟ್ಟಳು, ನಮ್ಮ ಬಾಗಿಲ ಹತ್ತಿರ ಬಂದಾಗ ದನಿ ಇಳಿಸಿ, ತಲೆ ತಗ್ಗಿಸಿ ದಾಟಿಕೊಂಡು, ಎದುರು ಮನೆಗೆ ಮತ್ತೆ ಕೂಗಿದಳು. ಅಕ್ಕ ಬುಟ್ಟಿ ಕೈಯಲ್ಲಿ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು. ನನಗೆ ಕೆಳಗಿಳಿದು ಹೋಗಿ ಆ ಹೂವಿನವಳನ್ನು ತರಾಟೆಗೆ ತೆಗೆದುಕೊಳ್ಳಬೇಕೆನ್ನಿಸಿತು. ಆದರೆ ಏನೆಂದು ಬೈಯಲಿ? ಅವಳು ಮಾಡಿದ್ದು ಮರ್ಯಾದೆಯೇ. ಬಾಲ್ಕನಿಯ ಕುಂಡದಲ್ಲಿದ್ದ ದಾಸವಾಳ ಕಿತ್ತು ಅಕ್ಕನೇ ಮುಡಿದುಕೊಂಡಳು.

ಅದೇ ಹೊತ್ತಿಗೆ ವೀಸಾ ಬಂತು, ಫೋನಿಗೆ. ಮೇಲುಗಡೆ ಆ ಫೋಟೋ, ಕೆಳಗೆ ಅಕ್ಕನ ಹೆಸರು, ಗಂಡನ ಹೆಸರು. ದೇವರಿಗೆ ಕೈಮುಗಿದು ಆ ಡ್ರೈವರಿಗೂ ಕಳಿಸಿದೆವು, ಅಲ್ಲಿ ಆಸ್ಪತ್ರೆಯಲ್ಲಿ ತೋರಿಸಬೇಕಾದರೆ ಇರಲಿ ಎಂದು. ಸಂಜೆ ಅವನ ಫೋನ್ ಬಂತು. ನಾನೇ ತೆಗೆದೆ. ಅವನ ದನಿ ಎಂದಿನಂತಿರಲಿಲ್ಲ.

"ಏನಾತು ಅಂತ ನನಗ ತಿಳೀವಲ್ದರೀ. ಅಣ್ಣಾರಿಗೆ ಎಚ್ಚರಿತ್ತು. ನೋಡ್ರೀ, ಅಕ್ಕಾರು ಬರಾಕ ಹತ್ಯಾರ, ವೀಸಾ ಬಂದೈತಿ ಅಂತ ಫೋನ್ ತೋರಿಸಿದ್ನಿ. ಖುಷಿ ಆಕ್ಕಾರ ಅಂತ ರೀ. ಭಾಳೊತ್ತು ಆ ಫೋಟೋನ ನೋಡಿದ್ರು. ಆಮ್ಯಾಲ, 'ಹೌದಾ, ನಾ ಹೋಗ್ಬಿಟ್ನಾ' ಅಂದ್ರು."

"ಏನಂದ್ರು?"

"ಹೋಗ್ಬಿಟ್ನಾ ಅಂತ್ರೀ. ಅಳಲಿಲ್ಲ, ಏನಿಲ್ಲ. ನರ್ಸ್ ಗಂಜಿ ತಂದ್ರ ಬಾಯಿ ತೆರೀವಲ್ರು. 'ಸತ್ತವರಿಗೆ ಯಾಕಮ್ಮಾ ಊಟ, ಇದ್ದವರಿಗೆ ಕೊಡು' ಅಂತಾರ್ರಿ."

ಬೇರೆ ಯಾರಾದರೂ ಆ ಫೋಟೋ ನೋಡಿದ್ದರೆ ಒಬ್ಬ ಹೆಂಗಸಿನ ಫೋಟೋ, ಅಷ್ಟೇ. ಹಲಸೂರಿನಲ್ಲಿ ಹುಟ್ಟಿ ಬೆಳೆದ ಗಂಡಸು ನೋಡಿದಾಗ ಅದರಲ್ಲಿ ಓದಲಿಕ್ಕೆ ಇನ್ನೇನಿದೆ? ಹೆಂಡತಿಯ ಹಣೆಯಲ್ಲಿ ಕುಂಕುಮವಿಲ್ಲ, ಮೂಗಿನಲ್ಲಿ ಬೊಟ್ಟಿಲ್ಲ, ಕೊರಳಲ್ಲಿ ತಾಳಿಯಿಲ್ಲ, ಕೆಳಗೆ ತನ್ನ ಹೆಸರಿದೆ. ಮೆದುಳಿಗೆ ಪೆಟ್ಟಾದವರಲ್ಲಿ ಹೀಗೆ ಆಗುವುದುಂಟು, ಫೋಟೋ ಒಂದು ನೆಪ ಎಂದು ಡಾಕ್ಟರು ಆಮೇಲೆ ಹೇಳಿದರಂತೆ. ಇರಬಹುದು. ಆದರೆ ಆ ದಿನದಿಂದ ಭಾವ ಬಾಯಿ ಬಿಗಿದರು. ಮೂಗಿಗೆ ನಳಿಗೆ ಹಾಕಿದರೆ ಕಿತ್ತು ಹಾಕುತ್ತಿದ್ದರು. ತಿನ್ನದಿದ್ದರೆ ಉಳಿಯುವುದಿಲ್ಲ, ಬೇಗ ಬನ್ನಿ ಎಂದು ಆ ಡ್ರೈವರ್ ದಿನಾ ಗೋಗರೆಯುತ್ತಿದ್ದ.

ಅಕ್ಕನಿಗೆ ಹೇಳದೆ ಇರಲಾಗಲಿಲ್ಲ. ಅವಳು ಅಳುತ್ತಾಳೆ, ನನ್ನನ್ನು ಬೈಯುತ್ತಾಳೆ, ನೀನೇ ಹೂಂ ಅಂದದ್ದು ಅನ್ನುತ್ತಾಳೆ ಎಂದುಕೊಂಡಿದ್ದೆ. ಒಂದೂ ಮಾಡಲಿಲ್ಲ. ಟಿಕೆಟ್ ಯಾವತ್ತಿನದು ಎಂದು ಮಾತ್ರ ಕೇಳಿದಳು. ಹಸಿರು ಜರಿ ಸೀರೆ ತೆಗೆದಿಟ್ಟಳು, ಕೈತುಂಬ ಗಾಜಿನ ಬಳೆ ತೊಡಿಸಿಕೊಂಡು ಬಂದಳು.

ಏರ್‌ಪೋರ್ಟಿನಲ್ಲಿ ನಾನು ಬಾಗಿಲ ಹೊರಗೇ ನಿಲ್ಲಬೇಕಾಯಿತು. ಒಳಗೆ ನಡೆದದ್ದನ್ನು ಅವಳು ವಿಮಾನ ಹತ್ತುವ ಮುಂಚೆ ಫೋನಿನಲ್ಲಿ ಹೇಳಿದಳು. ಇಮಿಗ್ರೇಷನ್ನಿನಲ್ಲಿ ಕೂತವರು ಕನ್ನಡದವರೇ. ಪಾಸ್‌ಪೋರ್ಟಿನಲ್ಲಿ ಕುಂಕುಮವಿದ್ದ ಮುಖ, ವೀಸಾದಲ್ಲಿ ಇಲ್ಲದ ಮುಖ, ಎದುರಿಗೆ ಇವಳು. ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ನೋಡಿದರಂತೆ. ಯಾಕೆ ಹೋಗ್ತಿದೀರಿ ಎಂದಾಗ ಅಕ್ಕ ಆಸ್ಪತ್ರೆಯ ಕಾಗದ ಕೊಟ್ಟಿದ್ದಾಳೆ. ಅವರು ಅದನ್ನೂ ವೀಸಾ ಫೋಟೋವನ್ನೂ ಜೊತೆಗಿಟ್ಟು ನೋಡಿ, ದನಿ ತಗ್ಗಿಸಿ ಕೇಳಿದ್ದಾರೆ.

"ಯಜಮಾನ್ರ ಬಾಡಿ ತರೋಕೆ ಹೋಗ್ತಿದೀರೇನಮ್ಮಾ?"

"ನೀನೇನಂದೆ?" ಎಂದೆ.

"ಇಲ್ಲ ಸಾರ್, ಇದಾರೆ ಅಂದೆ. ಆಯ್ತಮ್ಮ, ಹೋಗ್ಬನ್ನಿ ಅಂತ ಸೀಲ್ ಒತ್ತಿದ್ರು." ಹಿಂದಿನಿಂದ ವಿಮಾನ ಹತ್ತಲು ಕರೆಯುವ ದನಿ ಕೇಳಿಸಿತು. "ಲೇ, ನಿಜ ಹೇಳು. ಕೆಳಗಿನ ಮನೆಯವರು ಕೇಳಿದ್ರು, ಹೂವಿನವಳು ಹಂಗೆ ಮಾಡಿದ್ಲು, ಈಗ ಇವರೂ ಕೇಳ್ತಾರೆ. ಎಲ್ಲರಿಗೂ ಗೊತ್ತಿರೋದನ್ನ ನನಗೊಬ್ಬಳಿಗೇ ಮುಚ್ಚಿಟ್ಟಿದೀರಾ?"

ಆಣೆ ಇಟ್ಟು ಇಲ್ಲವೆಂದೆ. ಆದರೆ ಆ ಕ್ಷಣದಲ್ಲಿ ನನಗೇ ಖಾತ್ರಿಯಿರಲಿಲ್ಲ. ಡ್ರೈವರಿಗೆ ಫೋನ್ ಮಾಡಿ, ನೀನೂ ಏನಾದರೂ ಮುಚ್ಚಿಡುತ್ತಿದ್ದೀಯಾ ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಭಾವನ ಮೂಗಿನ ಹತ್ತಿರ ಫೋನ್ ಹಿಡಿದು ಉಸಿರಾಟ ಕೇಳಿಸಿದ.

ಆ ಊರಿನಲ್ಲಿ ಇಳಿದಾಗ ಅಲ್ಲಿನ ಹೆಂಗಸು ಅಧಿಕಾರಿ ಅಕ್ಕನ ಕಡೆ ಒಮ್ಮೆ ನೋಡಿ, ಕ್ಯಾಮೆರಾ ನೋಡು ಎಂದು ಕೈ ತೋರಿಸಿ, ಸೀಲ್ ಒತ್ತಿ ಕಳಿಸಿದಳಂತೆ. ಕುಂಕುಮದ ಮಾತನ್ನೇ ಎತ್ತಲಿಲ್ಲ. ಆಮೇಲೆ ನಾನು ನಿಯಮಗಳನ್ನು ಹುಡುಕಿ ಓದಿದೆ. ಮುಖ ಸ್ಪಷ್ಟವಾಗಿರಬೇಕು, ಕೂದಲು ಹಣೆಗೆ ಬೀಳಬಾರದು. ಕುಂಕುಮ ಅಳಿಸಬೇಕೆಂದು ನನಗೆ ಎಲ್ಲೂ ಕಾಣಲಿಲ್ಲ. ಸಾಹೇಬರದು ಸುಳ್ಳೇನಲ್ಲ, ಯಾರೋ ಒಬ್ಬರದು ಎಂದೋ ತಿರುಗಿ ಬಂದಿರಬೇಕು, ಅಂದಿನಿಂದ ಎಲ್ಲರ ಹಣೆಯನ್ನೂ ಒರೆಸುತ್ತಾ ಬಂದಿದ್ದಾರೆ. ನಾನು ಪಾರ್ಲರಿನಲ್ಲೇ ಕೂತು ಒಬ್ಬಳೇ ಅತ್ತೆ.

ಮಾರನೆಯ ದಿನ ಡ್ರೈವರ್ ವೀಡಿಯೋ ಕಾಲ್ ಮಾಡಿ ಫೋನನ್ನು ಮಂಚದ ಬುಡದಲ್ಲಿ ನಿಲ್ಲಿಸಿದ. ಭಾವ ಅರ್ಧಕ್ಕರ್ಧ ಇಳಿದುಹೋಗಿದ್ದರು. ತಲೆಗೆ ಬಟ್ಟೆ ಸುತ್ತಿತ್ತು. ಅಕ್ಕ ಹಸಿರು ಸೀರೆಯಲ್ಲಿ, ಕಾಸಗಲ ಕುಂಕುಮದಲ್ಲಿ ಹೋಗಿ ಅವರ ಎದುರು ನಿಂತಳು. ಭಾವ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. ಪರಿಚಯವಿಲ್ಲದ ಹೆಂಗಸನ್ನು ಮಾತಾಡಿಸುವ ಮರ್ಯಾದೆಯ ದನಿಯಲ್ಲಿ ಕೇಳಿದರು.

"ತಾವು ಯಾರ ಮನೆಯವರಮ್ಮಾ?"

ಅಕ್ಕ ಮಂಚಕ್ಕೆ ಇನ್ನೂ ಹತ್ತಿರ ಸರಿದಳು.

"ನಮ್ಮನೆಯವಳೂ ಹಿಂಗೇ ಇದ್ಲು," ಎಂದರು ಭಾವ. "ಈಗ ಅವಳಿಗೆ ಕುಂಕುಮ ಇಲ್ಲ. ನಾನು ಹೋದ್ನಲ್ಲ."

ಇಲ್ಲಿ ಕೂತ ನನಗೆ ಫೋನ್ ಬಿಸಾಡಿ ಓಡಬೇಕೆನ್ನಿಸಿತು. ಆಗ ಅಕ್ಕ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಸ್ಟುಡಿಯೋದಲ್ಲಿ ಹಣೆಗೆ ಕೈ ಹಚ್ಚಲು ಒಪ್ಪದವಳು ಸೆರಗಿನ ತುದಿ ಹಿಡಿದು ತನ್ನ ಕುಂಕುಮವನ್ನು ಅವರ ಕಣ್ಣ ಮುಂದೆಯೇ ತಿಕ್ಕಿ ತಿಕ್ಕಿ ಒರೆಸಿಕೊಂಡಳು. ಫೋಟೋದ ಹೆಂಗಸು ಅವರ ಮುಂದೆ ನಿಂತಿದ್ದಳು. ಭಾವನ ಮುಖದಲ್ಲಿ ಗುರುತು ಹತ್ತಿತು. "ಬಂದ್ಯಾ" ಎಂದರು. ಅಕ್ಕ ಬ್ಯಾಗಿನಿಂದ ಕುಂಕುಮದ ಪೊಟ್ಟಣ ತೆಗೆದು, ಅವರ ಬೆರಳನ್ನು ಅದರಲ್ಲಿ ಅದ್ದಿ, ಬಗ್ಗಿ, ಆ ಬೆರಳಿಗೆ ತನ್ನ ಹಣೆಯನ್ನು ಒತ್ತಿ ಹಿಡಿದಳು.

"ಈಗ ಹೇಳ್ರೀ. ಸತ್ತೋರ ಕೈಲಿ ಯಾರಾದ್ರೂ ಕುಂಕುಮ ಇಡಿಸ್ಕೋತಾರೇನ್ರೀ? ಲೋಕದಲ್ಲಿ ಎಲ್ಲಾದ್ರೂ ಉಂಟಾ? ಹೇಳ್ರೀ!"

ಭಾವ ತಮ್ಮ ಬೆರಳು ನೋಡಿಕೊಂಡರು, ಅವಳ ಹಣೆ ನೋಡಿದರು. ತುಂಬ ಹೊತ್ತು ಲೆಕ್ಕ ಹಾಕುವವರ ಹಾಗಿದ್ದು, "ಇಲ್ಲ" ಎಂದರು. "ಹಂಗಾದ್ರೆ ಇದೀನಿ." ಆ ಮಧ್ಯಾಹ್ನ ನಾಲ್ಕು ಚಮಚ ಗಂಜಿ ಕುಡಿದರು.

ಈಗ ಅವರು ಹಲಸೂರಿನ ಮನೆಯಲ್ಲೇ ಇದ್ದಾರೆ. ಕೋಲು ಹಿಡಿದು ನಡೆಯುತ್ತಾರೆ, ಕೆರೆಯ ದಂಡೆಯವರೆಗೂ ಹೋಗಿ ಬರುತ್ತಾರೆ. ಹೂವಿನವಳು ಮತ್ತೆ ಕೂಗುತ್ತಾಳೆ. ನೋಡಿದವರು ಎಲ್ಲ ಸರಿಹೋಯಿತು ಅನ್ನುತ್ತಾರೆ. ಆದರೆ ಬೆಳಗಿನ ಹೊತ್ತು ಆ ಮನೆಗೆ ಹೋಗಲು ನನಗೆ ಈಗಲೂ ಭಯ. ಅಕ್ಕ ಸ್ನಾನ ಮಾಡಿ ಬರಿ ಹಣೆಯಲ್ಲಿ ಬಂದು ಕೂರುತ್ತಾಳೆ, ಭಾವ ಇಡಬೇಕು. ಇಟ್ಟು "ಇದೀನಿ" ಎಂದ ಮೇಲೆಯೇ ಕಾಫಿ ಕುಡಿಯುವುದು. ಅವಳು ಬಚ್ಚಲಿಗೆ ಹೋದಾಗಿನಿಂದ ಅಲ್ಲಿಯವರೆಗೆ ಆ ಮನುಷ್ಯ ಇರುವುದಿಲ್ಲ. ಕುರ್ಚಿಯಲ್ಲಿ ಕೂತಿರುತ್ತಾರೆ, ರೆಪ್ಪೆ ಬಡಿಯುತ್ತಾರೆ, ಅಷ್ಟೇ. ಒಂದು ದಿನ ಆ ಹೊತ್ತಿನಲ್ಲಿ ನಾನು ಎದುರಿಗಿದ್ದೆ. ಒಳಗೆ ನೀರಿನ ಸದ್ದು ಕೇಳುತ್ತಿತ್ತು. ಭಾವ ನನ್ನ ಕಡೆ ಬಗ್ಗಿ, ಬಸ್ಸಿನ ಹೊತ್ತು ವಿಚಾರಿಸುವ ಹಾಗೆ ಕೇಳಿದರು.

"ನಾನು ಹೋಗಿದ್ದು ಯಾವತ್ತಮ್ಮಾ? ನಿಂಗೇನಾದ್ರೂ ನೆನಪಿದ್ಯಾ?"

ಇಲ್ಲ ಭಾವ, ನೀವು ಇದೀರಾ, ನೋಡಿ ನನ್ನ ಜೊತೆ ಮಾತಾಡ್ತಿದೀರಾ ಎಂದು ಎಷ್ಟು ಹೇಳಿದರೂ, ಚಿಕ್ಕವಳು ಏನೋ ಸಮಾಧಾನಕ್ಕೆ ಹೇಳುತ್ತಾಳೆ ಅನ್ನುವ ಹಾಗೆ ನಕ್ಕರು. ಬೇರೆ ಯಾರ ಮಾತೂ ಅವರಿಗೆ ಸಾಕ್ಷಿಯಲ್ಲ.

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ದಿನ ಅಕ್ಕನ ಜೊತೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಆ ಮನೆಯ ಅಜ್ಜಿ ಅಕ್ಕನ ತಲೆಯ ಮೇಲೆ ಅಕ್ಷತೆ ಹಾಕಿ, ಮುತ್ತೈದೆಯಾಗೇ ಬಾಳು, ಮುತ್ತೈದೆಯಾಗೇ ಹೋಗು ತಾಯಿ ಎಂದು ಹರಸಿದರು. ಮದುವೆಯಾದ ಹೆಂಗಸು ಇದಕ್ಕಿಂತ ಹೆಚ್ಚು ಏನು ಕೇಳಿಯಾಳು? ಅಕ್ಕ ಹರಕೆ ಮುಗಿಯುವ ಮೊದಲೇ ತಲೆ ಹಿಂದಕ್ಕೆ ತೆಗೆದಳು. ಅಜ್ಜಿಗೆ ಅರ್ಥವಾಗಲಿಲ್ಲ. ಬೀದಿಗೆ ಬಂದ ಮೇಲೆ ಯಾಕೆ ಹಾಗೆ ಮಾಡಿದೆ, ಹಿರಿಯರು ಬೇಜಾರು ಮಾಡಿಕೊಳ್ಳಲ್ವಾ ಎಂದು ಗದರಿಸಿದೆ.

"ನನಗೆ ಆ ಸಾವು ಬೇಡ ಕಣೇ," ಎಂದಳು. ತಾಂಬೂಲದ ತಟ್ಟೆಯ ಮೇಲೆ ಸೆರಗು ಹೊದಿಸಿಕೊಂಡು ನಡೆಯುತ್ತಲೇ ಇದ್ದಳು. "ನಾನು ಮುಂಚೆ ಹೋಗ್ಬಿಟ್ರೆ, ನೀವು ಬದುಕಿದೀರಾ ಅಂತ ದಿನಾ ಅವರಿಗೆ ಯಾರು ತೋರಿಸ್ತಾರೆ? ಸತ್ತೋರ ಹಾಗೆ ಕೂತಿರ್ತಾರೆ, ಎಷ್ಟು ವರ್ಷ ಇದ್ರೆ ಅಷ್ಟು ವರ್ಷ. ಅದಕ್ಕೇ ದೇವರ ಹತ್ರ ಹೇಳ್ಬಿಟ್ಟಿದೀನಿ. ಮೊದಲು ಅವರನ್ನ ಕರ್ಕೋ, ನನ್ನ ಹಣೆ ಬರಿದು ಮಾಡ್ಬಿಡು ಅಂತ."

"ಬಿಡ್ತು ಅನ್ನೇ!" ಎಂದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ಅಕ್ಕ ಅನ್ನಲಿಲ್ಲ.